ಬಾಡಿಗೆಯ ತುತ್ತೂರಿ

ಹಣ ಕೊಟ್ಟು ಹೊಗಳಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸತಲ್ಲ. ಕನ್ನಡದ ಮೇಷ್ಟರಾದ ನಾನು ಅದನ್ನು ಮಹಾಪಾಪವೆಂದು ಸಾರಿದರೆ, ಮೊದಲು ಪಂಪನನ್ನೇ ತರಗತಿಯಿಂದ ಹೊರಗೆ ಕಳುಹಿಸಬೇಕಾಗುತ್ತದೆ. ಹತ್ತನೆಯ ಶತಮಾನದ ಆ ಮಹಾಕವಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ 'ವಿಕ್ರಮಾರ್ಜುನ ವಿಜಯ'ವನ್ನು ಬರೆದ; ಧರ್ಮಪುರವೆಂಬ ಅಗ್ರಹಾರವನ್ನು ಪಡೆದ. ಆದರೆ ಇದಾವುದನ್ನೂ ಆತ ಮುಚ್ಚಿಡಲಿಲ್ಲ. ಹೊಗಳಿದವರಾರು, ಹೊಗಳಿಸಿಕೊಂಡವರಾರು, ಕೊಟ್ಟದ್ದೇನು ಎಂಬುದು ಸಾವಿರ ವರ್ಷ ಕಳೆದ ಮೇಲೂ ಎಲ್ಲರಿಗೂ ಗೊತ್ತು. ಇಂದಿನ ಹೊಗಳಿಕೆಯ ವ್ಯಾಪಾರದಲ್ಲಿ ನನಗೆ ಕಾಣದಿರುವುದು ಈ ಒಂದು ಗುಣವೇ.

ಈ ಮಾತನ್ನು ನಾನು ಸ್ವಾನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಕೃಷ್ಣರಾಜಪುರದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿತ್ತು. ಆಡಳಿತ ಮಂಡಳಿಯವರು ದೀರ್ಘವಾಗಿ ಆಲೋಚಿಸಿದರು. ಅಧ್ಯಾಪಕರನ್ನು ಹೆಚ್ಚಿಸಲಿಲ್ಲ, ಪುಸ್ತಕ ಕೊಳ್ಳಲಿಲ್ಲ, ತಿಂಗಳ ಸಂಭಾವನೆಯ ಮೇಲೆ ಒಂದು ಸಾರ್ವಜನಿಕ ಸಂಪರ್ಕ ಸಂಸ್ಥೆಯನ್ನು, ಎಂದರೆ ಎಲ್ಲರ ಬಾಯಲ್ಲಿರುವ 'ಪಿ.ಆರ್. ಏಜೆನ್ಸಿ'ಯನ್ನು, ಗೊತ್ತುಮಾಡಿದರು. ಅದರ ಇಂಗ್ಲಿಷ್ ಪ್ರಕಟಣೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು.

ನ್ಯಾಯವಾಗಿ ಹೇಳಬೇಕಾದರೆ, ಆ ಸಂಸ್ಥೆಯಿಂದ ಬಂದ ಹೆಣ್ಣುಮಗಳು ಬುದ್ಧಿವಂತೆ. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕಗಳಿವೆ, ಕಳೆದ ವರ್ಷ ಎಷ್ಟು ಮಂದಿ ಉತ್ತೀರ್ಣರಾದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಒಂದೊಂದಾಗಿ ಕೇಳಿದಳು. ನಮ್ಮ ಹಿರಿಯರು ಮುಖ ಮುಖ ನೋಡಿಕೊಂಡು, "ಅವೆಲ್ಲ ಯಾಕಮ್ಮ? ಚೆನ್ನಾಗಿ ಕಾಣೋ ಹಾಗೆ ನೀವೇ ಏನಾದರೂ ಬರೀರಿ" ಎಂದರು. ಆಕೆ ಬರೆದಳು. ನಾನು ಅನುವಾದಿಸಿದೆ. ಬೀಗ ಹಾಕಿದ ಎರಡು ಬೀರುಗಳಿದ್ದ ಕೋಣೆ ನನ್ನ ಲೇಖನಿಯಲ್ಲಿ 'ಸುಸಜ್ಜಿತ ಗ್ರಂಥಾಲಯ'ವಾಯಿತು. ಒಂದು ಪತ್ರಿಕೆಯಲ್ಲಿ ಅದು ಸುದ್ದಿಯಾಗಿಯೇ ಅಚ್ಚಾಯಿತು.

ಪ್ರವೇಶದ ಕಾಲ ಮುಗಿಯುವ ಹೊತ್ತಿಗೆ ಮಾಲೂರಿನ ಕಡೆಯ ರೈತರೊಬ್ಬರು ಮಗಳೊಡನೆ ಬಂದರು. ಶುಲ್ಕ ಕಟ್ಟಿಯಾಗಿತ್ತು. ಹುಡುಗಿ ಗ್ರಂಥಾಲಯವನ್ನು ನೋಡಬೇಕೆಂದಳು. ತೋರಿಸಿದೆ. ತಂದೆ ಜೇಬಿನಿಂದ ಆ ಪತ್ರಿಕೆಯ ತುಣುಕನ್ನು ತೆಗೆದು ಹೇಳಿದರು: "ಜಾಹೀರಾತು ಆಗಿದ್ದಿದ್ರೆ ನಾವು ನಂಬ್ತಿರಲಿಲ್ಲ ಸಾರ್. ಇದು ಪೇಪರ್‌ನೋರು ಬರ್ದಿರೋದು ಅಂದ್ಕೊಂಡ್ವಿ."

ನನ್ನ ವಾದವೆಲ್ಲ ಆ ಎರಡು ಮಾತಿನಲ್ಲಿದೆ. ಜಾಹೀರಾತಿನ ಮೇಲೆ ಅದನ್ನು ಕೊಟ್ಟವನ ಮುದ್ರೆಯಿರುತ್ತದೆ. ಓದುವವನು ಎಚ್ಚರದಿಂದ ಓದುತ್ತಾನೆ. ಸುದ್ದಿಯ ವೇಷದ ಪ್ರಕಟಣೆ ಆ ಎಚ್ಚರವನ್ನೇ ಕದಿಯುತ್ತದೆ.

ಇದು ಆ ವೃತ್ತಿಯ ಹಿರಿಯನಿಗೇ ತಿಳಿದಿದ್ದ ಸತ್ಯ. 1906ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಳ ಒಡೆಯರ ಪರವಾಗಿ ನಿಂತ ಐವಿ ಲೀ ಎಂಬಾತ ಪತ್ರಿಕೆಗಳಿಗೊಂದು ಹೇಳಿಕೆ ಕಳುಹಿಸಿದ. ತಾನು ಯಾರ ಪರವಾಗಿ ಮಾತನಾಡುತ್ತಿರುವೆನೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವೆನೆಂದೂ, ಕೊಡುವ ಸಂಗತಿಗಳು ನಿಜವಾಗಿರುವುವೆಂದೂ ಅದರ ಸಾರ. ಒಳ್ಳೆಯ ವ್ರತವೇ. ಆದರೆ 1914ರಲ್ಲಿ ಕೊಲೊರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳು ಉರಿದು, ಹೆಂಗಸರೂ ಮಕ್ಕಳೂ ಸತ್ತಾಗ, ರಾಕ್‌ಫೆಲರ್ ಮನೆತನದ ಪರವಾಗಿ ಇದೇ ಲೀ ಹಂಚಿದ ಪತ್ರಗಳಲ್ಲಿ ಸುಳ್ಳುಗಳು ಸೇರಿದ್ದವು. ವ್ರತವನ್ನು ಬರೆದ ಕೈಯೇ ಅದನ್ನು ಮುರಿಯಿತು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವನ ಹೆಸರಿಗೇ ಸೇರಿಸಿ 'ವಿಷದ ಬಳ್ಳಿ' ಎಂದು ಕರೆದ. ನಮ್ಮಲ್ಲಿಯೂ 2009ರ ಲೋಕಸಭಾ ಚುನಾವಣೆಯಾದ ಮೇಲೆ 'ಕಾಸಿಗಾಗಿ ಸುದ್ದಿ'ಯ ಪಿಡುಗನ್ನು ಕುರಿತು ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಮಾಡಬೇಕಾಯಿತು.

"ಹಾಗಾದರೆ ಸಣ್ಣವರು ಬಾಯಿ ಮುಚ್ಚಿಕೊಂಡಿರಬೇಕೇ?" ಎಂದು ಕೇಳಬಹುದು. ಇಲ್ಲ. ಒಳ್ಳೆಯ ಕೆಲಸ ಮಾಡಿದವರು ಅದನ್ನು ನಾಲ್ಕು ಜನಕ್ಕೆ ತಿಳಿಸಲು ನುರಿತವರ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ 'ಸಂಪರ್ಕ'ವೆಂದರೆ ಎರಡು ದಡ ಸೇರಬೇಕು. ಕೃಷ್ಣರಾಜಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ನಮ್ಮೂರವರೆಗಿನ ಮೆಟ್ರೋ ವೈಭವದಿಂದ ಉದ್ಘಾಟನೆಯಾಯಿತು. ನಮ್ಮೂರಿಂದ ಬೈಯಪ್ಪನಹಳ್ಳಿಗೆ ಉಳಿದಿದ್ದ ಸುಮಾರು 2 ಕಿಲೋಮೀಟರ್ ಸೇರಿದ್ದು ಅಕ್ಟೋಬರ್ 9ಕ್ಕೆ. ಅಲ್ಲಿಯವರೆಗೆ ಪೇಟೆಗೆ ಹೋಗುವವರು ಇಲ್ಲಿ ಇಳಿದು ಬಸ್ಸು ಹಿಡಿದರು. ಮೆಟ್ರೋದ ಕೊರತೆ ಕಣ್ಣಿಗೆ ಕಾಣುತ್ತಿತ್ತು; ಕಾಲೇಜಿನ ಕೊರತೆ ಶುಲ್ಕ ಕಟ್ಟಿದ ಮೇಲೆ ಕಂಡಿತು.

ಆದ್ದರಿಂದ ಇಂಥ ಸಂಸ್ಥೆಯನ್ನು ಗೊತ್ತುಮಾಡುವವರಿಗೆ ನನ್ನದು ಮೂರೇ ಮಾತು. ಅದರವರು ಕೇಳುವ ಪ್ರಶ್ನೆಗೆ ಮೊದಲು ನಿಜವಾದ ಉತ್ತರ ಕೊಡಿ. ಉತ್ತರ ಹೇಳಲು ನಾಚಿಕೆಯಾದರೆ ಆ ತಿಂಗಳ ಸಂಭಾವನೆಯನ್ನು ನಾಚಿಕೆ ಕಳೆಯುವ ಕೆಲಸಕ್ಕೆ ಹಾಕಿ. ಬಂದವರಿಗೆ ತೋರಿಸಲಾಗದ್ದನ್ನು ಬರೆಯಿಸಬೇಡಿ. ಪ್ರಕಟಣೆಯ ಮೇಲೆ ನಿಮ್ಮ ಹೆಸರಿರಲಿ. ಪತ್ರಿಕೆಯವರಿಗೂ ಒಂದು ವಿನಂತಿ: ಕಳುಹಿಸಿದವರ ಹೆಸರನ್ನು ಕತ್ತರಿಸಿ ಒಕ್ಕಣೆಯನ್ನು ಮಾತ್ರ ಅಚ್ಚುಹಾಕಬೇಡಿ.

ತುತ್ತೂರಿ ಬಾಡಿಗೆಗೆ ಸಿಗುತ್ತದೆ. ಪುಸ್ತಕಗಳನ್ನು ಮಾತ್ರ ಕೊಂಡೇ ತರಬೇಕು. ಆ ಹುಡುಗಿಗೆ ನನ್ನ ಮನೆಯ ಪುಸ್ತಕಗಳನ್ನು ಓದಲು ಕೊಟ್ಟೆ. ಅದರಿಂದ ನನ್ನ ಸಾಲ ತೀರಿತೆಂದು ಭಾವಿಸಿಲ್ಲ. 'ಸುಸಜ್ಜಿತ' ಎಂಬ ಪದವನ್ನು ಬರೆದ ಕೈ ನನ್ನದೇ.