ಚರ್ಚಿನ ದಫ್ತರಕ್ಕೂ ಚಾರ್ಜ್ ಪಟ್ಟಿ ಬೇಕು

ನಿವೃತ್ತಿಯ ನಂತರ ಚೌಡಾಪುರದಲ್ಲಿ ನೆಲೆಸಿರುವ ನನ್ನ ಬಳಿಗೆ ವೃದ್ಧಾಪ್ಯ ವೇತನ, ವಾರಸಾ ಹಕ್ಕು ಎಂದು ಕಾಗದಪತ್ರ ಹಿಡಿದು ಬರುವವರಿದ್ದಾರೆ. ಅವರಲ್ಲಿ ಕ್ರೈಸ್ತ ಕುಟುಂಬದವರೂ ಉಂಟು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದವರಿಗೆ ದೀಕ್ಷಾಸ್ನಾನದ ರಿಜಿಸ್ಟರಿನ ಒಂದು ಸಾಲೇ ವಯಸ್ಸಿನ ಆಧಾರವಾಗಬಹುದು. 2023ರ ತಿದ್ದುಪಡಿಯು ಜನನ ಪ್ರಮಾಣಪತ್ರಕ್ಕೆ ಕೊಟ್ಟಿರುವ ಪ್ರಾಧಾನ್ಯ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಮಾತ್ರ. ಹಳಬರಿಗೆ ಹಳೆಯ ದಫ್ತರವೇ ಗತಿ.

ವಿವಾಹದ ವಿಷಯದಲ್ಲಂತೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೇ ದಾಖಲೆ ಬರೆದಿಡುವ ಹೊಣೆಯನ್ನು ವಿವಾಹ ನೆರವೇರಿಸುವ ಪಾದ್ರಿಗಳ ಮೇಲೆ ಹೊರಿಸಿದೆ. ಆದ್ದರಿಂದ ಈ ರಿಜಿಸ್ಟರುಗಳನ್ನು ಸಭೆಯೊಂದರ ಖಾಸಗಿ ಸ್ವತ್ತೆಂದು ನಾನು ಒಪ್ಪಲಾರೆ.

ನಮ್ಮ ಭಾಗದಲ್ಲಿ ಹಳೆಯದಾದ ಮೆಥೋಡಿಸ್ಟ್ ಸಭೆಯಲ್ಲಿ ಪಾದ್ರಿಗಳಿಗೆ ತಹಶೀಲ್ದಾರರಂತೆಯೇ ವರ್ಗಾವಣೆಯುಂಟು. ತಹಶೀಲ್ದಾರ ಚಾರ್ಜ್ ಪಟ್ಟಿಗೆ ಸಹಿ ಹಾಕದೆ ಕುರ್ಚಿ ಬಿಡುವಂತಿಲ್ಲ. ಪಾದ್ರಿಗಳೂ ಪುಸ್ತಕಗಳ ಸಂಖ್ಯೆ, ವರ್ಷ, ಪುಟ ನಮೂದಿಸಿ ಇಬ್ಬರು ಹಿರಿಯರ ಎದುರಿಗೆ ಹಸ್ತಾಂತರಿಸಬೇಕು. ಇದಕ್ಕೆ ಖರ್ಚು ಒಂದು ಹಾಳೆ ಕಾಗದ. ಕಥೋಲಿಕರಲ್ಲಿ ನಿಯಮ ಸ್ಪಷ್ಟವಾಗಿಯೇ ಇದೆ: 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಪ್ರತಿ ಧರ್ಮಕೇಂದ್ರವೂ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕ ಇಡಬೇಕು, ದಾಖಲೆಗಳ ಪಟ್ಟಿಯ ಒಂದು ಪ್ರತಿ ಧರ್ಮಕ್ಷೇತ್ರದ ದಫ್ತರದಲ್ಲಿರಬೇಕು. ನಿಯಮವಿದ್ದ ಮಾತ್ರಕ್ಕೆ ಗೆದ್ದಲು ಸುಮ್ಮನಿರುವುದಿಲ್ಲ ಎಂಬುದು ಬೇರೆ ಮಾತು!

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಉದಾಹರಣೆ ಗಮನಾರ್ಹ. ಇಲ್ಲಿನವರು ವರದಿಗಳನ್ನು ತಪ್ಪದೆ ಸ್ವಿಟ್ಜರ್ಲೆಂಡಿನ ಕೇಂದ್ರಕ್ಕೆ ಕಳಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರೂ, ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿದರೂ ಬಾಸೆಲ್ ನಗರದಲ್ಲಿ ಕಾಗದಗಳು ಉಳಿದವು. ಕನ್ನಡ ನಾಡಿನ ಸಾಮಾಜಿಕ ಚರಿತ್ರೆ ಬರೆಯುವವರು ಇಂದಿಗೂ ಅಲ್ಲಿಗೆ ಹೋಗುತ್ತಾರೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಹಳೆಯ ದಾಖಲೆಗಳ ಸಂಗ್ರಹವಿದೆ. ಎರಡು ಕಡೆ ಇಟ್ಟದ್ದು ಉಳಿಯುತ್ತದೆ. ಕಲ್ಯಾಣ ಕರ್ನಾಟಕದ ಸಭೆಗಳಿಗೂ ಕಲಬುರಗಿಯಲ್ಲೋ ಬೀದರಿನಲ್ಲೋ ಅಂಥದೊಂದು ಕೊಠಡಿ ಏಕಾಗಬಾರದು?

ಸ್ಕ್ಯಾನ್ ಮಾಡಿಸಿದರಾಯಿತು ಎನ್ನುವವರಿಗೆ ಒಂದು ಎಚ್ಚರಿಕೆ. ಈ ಪುಸ್ತಕಗಳಲ್ಲಿ ದತ್ತು, ಹೆತ್ತವರ ಹೆಸರು ಮುಂತಾದ ಸೂಕ್ಷ್ಮ ಸಂಗತಿಗಳಿರುತ್ತವೆ. ಅವನ್ನೆಲ್ಲ ಅಂತರ್ಜಾಲಕ್ಕೆ ಏರಿಸುವುದು ಸಲ್ಲದು. ಸಂಬಂಧಪಟ್ಟವರು ಕೇಳಿದಾಗ ದೃಢೀಕೃತ ನಕಲು ದೊರೆಯಬೇಕು, ಅಷ್ಟೆ. ಸ್ಕ್ಯಾನ್ ಆದ ಮೇಲೆ ಮೂಲ ಪುಸ್ತಕವನ್ನು ರದ್ದಿಗೆ ಹಾಕುವ ಉತ್ಸಾಹವೂ ಬೇಡ. ನ್ಯಾಯಾಲಯದಲ್ಲಿ ತಕರಾರು ಎದ್ದಾಗ ಮೊದಲು ಕೇಳುವುದು ಮೂಲವನ್ನೇ.