ಮೇಲಿನ ತಂಡಕ್ಕೆ ಯಾವಾಗ?

ಸುಗ್ಗಿ ಮುಗಿದು ಹೊಲ ಬಯಲಾಯಿತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಮೂರು ಕಟ್ಟಿಗೆ ನೆಟ್ಟು ಕ್ರಿಕೆಟ್ ಶುರು. ವಳಕಮದಿನ್ನಿಯ ಹದಿನಾಲ್ಕರ ಹುಡುಗನೊಬ್ಬ ಓಡಿ ಬಂದು ಎಲ್ಲರಿಗಿಂತ ಜೋರಾಗಿ ಬೌಲ್ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಶಾಲಾ ಪಂದ್ಯದಲ್ಲಿ ಐದು ವಿಕೆಟ್ ಬಿದ್ದ ಮರುದಿನವೇ ದೊಡ್ಡವರ ತಂಡದವರು ಮನೆ ಮುಂದೆ ನಿಲ್ಲುತ್ತಾರೆ: “ಹುಡುಗನ್ನ ನಮ್ ಕೂಡ ಕಳಸ್ರಿ.” ಅಪ್ಪನಿಗೆ ಹೆಮ್ಮೆ, ಅವ್ವನಿಗೆ ಪರೀಕ್ಷೆಯ ಚಿಂತೆ. ಹುಡುಗನ ಒಂದು ಕಾಲು ಆಗಲೇ ಹೊಸ್ತಿಲಾಚೆ.

ಕಳಿಸಬೇಕೇ? ವಿಕೆಟ್‌ಗಳ ಲೆಕ್ಕವನ್ನು ಮಾತ್ರ ನಂಬಬಾರದು. ಶಾಲೆಯ ಬ್ಯಾಟ್ಸ್‌ಮನ್ ವೇಗಕ್ಕೆ ಹೆದರಿಯೇ ಔಟಾಗುತ್ತಾನೆ. ಹುಡುಗ ಮೂರನೇ ಸ್ಪೆಲ್‌ನಲ್ಲೂ ಚೆಂಡನ್ನು ಅದೇ ಜಾಗಕ್ಕೆ ಹಾಕುತ್ತಾನೆಯೇ, ಬೌಂಡರಿ ಹೊಡೆಸಿಕೊಂಡ ಮೇಲೆ ಏನು ಮಾಡುತ್ತಾನೆ, ಮರುದಿನ ಬೆಳಿಗ್ಗೆ ಬೆನ್ನು ನೋಯುತ್ತದೆ ಎನ್ನುತ್ತಾನೆಯೇ, ಇವನ್ನು ನೋಡಬೇಕು. ಬೆಳೆಯುವ ವಯಸ್ಸಿನ ವೇಗಿಗಳಲ್ಲಿ ಸೊಂಟದ ಮೇಲಿನ ಬೆನ್ನೆಲುಬು ಸೀಳು ಬಿಡುವುದು ಅಪರೂಪವಲ್ಲ. ಅದಕ್ಕೆಂದೇ ಇಂಗ್ಲೆಂಡಿನ ಮಂಡಳಿ 13ರೊಳಗಿನ ವೇಗಿಗೆ ಒಂದು ಸ್ಪೆಲ್‌ಗೆ 5, ದಿನಕ್ಕೆ 10 ಓವರ್‌ಗಳ ಮಿತಿ ಹಾಕಿತ್ತು. ದೊಡ್ಡವರ ತಂಡದ ನಾಯಕನಿಗೆ ಈ ಲೆಕ್ಕ ಬೇಕಿಲ್ಲ. ಅವನಿಗೆ ಪಂದ್ಯ ಗೆಲ್ಲಬೇಕು.

ಇನ್ನೊಂದು ಪ್ರಶ್ನೆಯನ್ನು ಪಾಲಕರು ಕೇಳುವುದೇ ಇಲ್ಲ: ಮೇಲೆ ಹೋದರೆ ಹುಡುಗನ ಕೈಗೆ ಚೆಂಡು ಸಿಗುತ್ತದೆಯೇ?

ಮೈಸೂರಿನ ಜಾವಗಲ್ ಶ್ರೀನಾಥ್ ಮೊದಲ ರಣಜಿ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಪಡೆದವರು. 1991ರ ನವೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದರು. ಆದರೆ ತಾಯ್ನಾಡಿನಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರಿನಲ್ಲಿ, ಮುಂಬಯಿಯಲ್ಲಿ. ಇಲ್ಲಿಯ ಪಿಚ್‌ಗಳಲ್ಲಿ ಸ್ಪಿನ್ನರುಗಳದ್ದೇ ರಾಜ್ಯ; ಕಪಿಲ್ ದೇವ್, ಪ್ರಭಾಕರ್ ಬೇರೆ ಇದ್ದರು. ಕೊನೆಗೆ 236 ಟೆಸ್ಟ್ ವಿಕೆಟ್ ಪಡೆದರು, ನಿಜ. ಆದರೂ ಇಪ್ಪತ್ತೆರಡರಿಂದ ಇಪ್ಪತ್ತೈದು ವೇಗಿಯೊಬ್ಬನ ಎಂಥ ವಯಸ್ಸು! ಅದರಲ್ಲಿ ಎಷ್ಟೋ ದಿನ ಹೊರಗೆ ಕೂತು ಹೋದದ್ದು ನಷ್ಟವೇ.

ಅನಿಲ್ ಕುಂಬ್ಳೆಯವರದು ಬೇರೆ ದಾರಿ. ಅವರು ಸ್ಪಿನ್ನರ್, ಬೆನ್ನಿನ ಭಯ ಅಷ್ಟಿಲ್ಲ. ಪಾಠ ಮಾತ್ರ ಎಲ್ಲರಿಗೂ ಸಲ್ಲುವಂಥದ್ದು. 1990ರ ಆಗಸ್ಟಿನಲ್ಲಿ, ಹತ್ತೊಂಬತ್ತರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ ಟೆಸ್ಟ್ ಆಡಿ ಮೂರು ವಿಕೆಟ್ ಪಡೆದರು. ಮುಂದಿನ ಟೆಸ್ಟ್‌ಗೆ ಎರಡು ವರ್ಷ ಬೇಕಾಯಿತು. ನಡುವೆ ದೇಶಿ ಕ್ರಿಕೆಟ್‌ನಲ್ಲಿ ಓವರ್ ಮೇಲೆ ಓವರ್ ಹಾಕಿದರು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನೂ ಮುಗಿಸಿದರು. 1992ರ ಇರಾನಿ ಟ್ರೋಫಿಯಲ್ಲಿ ದೆಹಲಿ ವಿರುದ್ಧ 13 ವಿಕೆಟ್ ಬಿದ್ದ ಮೇಲೆ ಅವರನ್ನು ಹೊರಗಿಡುವುದು ಯಾರಿಂದಲೂ ಆಗಲಿಲ್ಲ. ಅದೇ ವರ್ಷ ಜೊಹಾನ್ಸ್‌ಬರ್ಗ್ ಟೆಸ್ಟ್‌ನಲ್ಲಿ ಒಂದೇ ಇನಿಂಗ್ಸ್‌ಗೆ ಆರು ವಿಕೆಟ್.

ಅಭಿಮನ್ಯು ಮಿಥುನ್ ಹದಿನೇಳರವರೆಗೆ ಡಿಸ್ಕಸ್ ಎಸೆಯುತ್ತಿದ್ದವರು. 2009-10ರ ಮೊದಲ ರಣಜಿ ಋತುವಿನಲ್ಲೇ 47 ವಿಕೆಟ್. 2010ರ ಜುಲೈನಲ್ಲಿ ಗಾಲೆಯಲ್ಲಿ ಟೆಸ್ಟ್ ಟೋಪಿ. ನಾಲ್ಕು ಟೆಸ್ಟ್, 9 ವಿಕೆಟ್, ಅಲ್ಲಿಗೆ ಮುಗಿಯಿತು. ಕರ್ನಾಟಕಕ್ಕಾಗಿ ಮಾತ್ರ ಆಮೇಲೂ ವರ್ಷಗಟ್ಟಲೆ ದುಡಿದರು. ಇನ್ನೊಂದು ಋತು ಕೆಳಗೆ ಮಾಗಲು ಬಿಟ್ಟಿದ್ದರೆ ಎಂದು ಕೇಳುವವರು ಇಂದಿಗೂ ಇದ್ದಾರೆ.

ವಳಕಮದಿನ್ನಿಯ ಅಪ್ಪ ಬಂದವರಿಗೆ ಚಹಾ ಕೊಟ್ಟು ಇಷ್ಟು ಕೇಳಲಿ: ವಾರಕ್ಕೆ ಎಷ್ಟು ಓವರ್ ಹಾಕಿಸುತ್ತೀರಿ, ಯಾವ ಚೆಂಡಿನಲ್ಲಿ, ಬೆನ್ನು ನೋವೆಂದರೆ ಬಿಡುವು ಕೊಡುತ್ತೀರಾ? ಅವರು ಮುಖ ಮುಖ ನೋಡಿಕೊಂಡರೆ ಹುಡುಗ ಎರಡು ವರ್ಷ ಶಾಲಾ ತಂಡದಲ್ಲೇ ಆಡಲಿ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿಯೂ ಮುಗಿದಿರುತ್ತದೆ.