ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ಸಾವು

ಮೂರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ಒಬ್ಬ ತಾಯಿ ಮೈಸೂರಿನ ನಮ್ಮ ಮನೆಗೆ ಬಂದರು. ಅವರ ಮಗಳು ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಮದುವೆಯಾಗಿ ಇದೇ ಮೈಸೂರಿನ ಬಡಾವಣೆಯೊಂದಕ್ಕೆ ಬಂದವಳು ನಾಲ್ಕನೇ ವರ್ಷಕ್ಕೆ ಹೆಣವಾಗಿದ್ದಳು. ಆ ತಾಯಿ ಸೆರಗಿನ ಗಂಟು ಬಿಚ್ಚಿ ದಿನಪತ್ರಿಕೆಯ ಒಂದು ಚೂರು ತೆಗೆದು ನನ್ನ ಕೈಗೆ ಕೊಟ್ಟರು. ಅವರಿಗೆ ಓದು ಬರುವುದಿಲ್ಲ. ಊರಿನವರಿಂದ ಓದಿಸಿ ಕೇಳಿದ್ದರು.

ಅದರಲ್ಲಿ ನಾಲ್ಕು ಸಾಲಿತ್ತು. ಹೊಟ್ಟೆನೋವು ತಾಳಲಾರದೆ ಗೃಹಿಣಿಯೊಬ್ಬರು ನೇಣಿಗೆ ಶರಣಾಗಿದ್ದಾರೆ, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಅಷ್ಟೇ.

"ನನ್ ಮಗ್ಳಿಗೆ ಹೊಟ್ಟೆನೋವಿತ್ತು ಅಂತ ಇವ್ರಿಗೆ ಯಾರು ಯೋಳಿದ್ರು ಮೇಡಮ್ಮ? ಹೆತ್ತೋಳು ನಂಗೇ ಗೊತ್ತಿಲ್ವಲ್ಲ" ಎಂದು ಅವರು ಕೇಳಿದರು.

ಗೆಳತಿಯರೇ, ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಪಾಠ ಹೇಳಿದ ನನಗೆ ಈ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ಉತ್ತರ ಹುಡುಕಿಕೊಂಡು ನಾನು ಆ ಪತ್ರಿಕೆಯ ಕಚೇರಿಗೆ ಹೋದೆ. ಅಲ್ಲಿ ಕಂಡದ್ದನ್ನೂ, ಅದು ನಮ್ಮ ಸಂಘಗಳಿಗೆ ಯಾಕೆ ಮುಖ್ಯ ಎಂಬುದನ್ನೂ ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ಸುದ್ದಿ ಬರೆದ ಹುಡುಗನೂ ನನ್ನ ವಿದ್ಯಾರ್ಥಿಯೇ! ಎದ್ದು ನಿಂತು ಕುರ್ಚಿ ಕೊಟ್ಟ. "ಪೊಲೀಸರು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಹಾಕಿದ್ದೇವೆ ಮೇಡಂ" ಎಂದ. ಆ ಮನೆಗೆ ಹೋಗಿದ್ದೆಯಾ? ಇಲ್ಲ. ತವರಿನವರನ್ನು ಮಾತಾಡಿಸಿದೆಯಾ? ಇಲ್ಲ. ಹೊಟ್ಟೆನೋವೆಂದು ಹೇಳಿದವರು ಯಾರು? ಗಂಡನ ಮನೆಯವರು ಠಾಣೆಯಲ್ಲಿ ಹೇಳಿದ್ದಿರಬೇಕು. ನಾನು ಸಿಟ್ಟು ಮಾಡಿದಾಗ ಅವನು ತಲೆ ತಗ್ಗಿಸಿ ತನ್ನ ಕಷ್ಟ ಹೇಳಿಕೊಂಡ. ಮೊದಲು ನಾಲ್ವರು ಮಾಡುತ್ತಿದ್ದ ಕೆಲಸವನ್ನು ಈಗ ಅವನೊಬ್ಬನೇ ಮಾಡುತ್ತಾನೆ. ಕೊಡುವ ಸಂಬಳ ಪೆಟ್ರೋಲಿಗೆ ಸಾಲದು. ದಸರಾ ಪುರವಣಿಗೆ ಇಷ್ಟು ಜಾಹೀರಾತು ತರಲೇಬೇಕೆಂದು ಗುರಿ ಬೇರೆ. ತಾರದಿದ್ದರೆ ಕೆಲಸವಿಲ್ಲ.

ಆ ನಾಲ್ಕು ಸಾಲು ಬಂದ ದಿನದ ಪತ್ರಿಕೆಯನ್ನು ಪೂರ್ತಿ ಬಿಡಿಸಿ ನೋಡಿದೆ. ಅದೇ ಪುಟದ ಕೆಳಗಿನ ಅರ್ಧ ಭಾಗದಲ್ಲಿ ಯಾರೋ ಮುಖಂಡರ ಹುಟ್ಟುಹಬ್ಬಕ್ಕೆ ಅಭಿಮಾನಿಗಳ ಶುಭಾಶಯ. ಒಬ್ಬರು ಹುಟ್ಟಿದ್ದಕ್ಕೆ ಅರ್ಧ ಪುಟವಿದೆ. ಒಬ್ಬಳು ಸತ್ತದ್ದಕ್ಕೆ ನಾಲ್ಕು ಸಾಲು, ಅದೂ ಕೊಂದ ಆರೋಪ ಹೊತ್ತವರ ಬಾಯಿಂದ ಬಂದದ್ದು. ಸ್ಥಳೀಯ ಪತ್ರಿಕೆಗಳ ಮಟ್ಟ ಕುಸಿದಿದೆ ಎಂದು ಎಲ್ಲರೂ ಗೊಣಗುತ್ತಾರೆ. ಕಾಗುಣಿತ ತಪ್ಪು, ಭಾಷೆ ಕೆಟ್ಟಿತು ಎನ್ನುತ್ತಾರೆ. ನನ್ನ ದೂರು ಕಾಗುಣಿತದ್ದಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳುವ ಕೆಲಸವನ್ನೇ ಪತ್ರಿಕೆ ಬಿಟ್ಟುಬಿಟ್ಟಿದೆ ಎಂಬುದು ನನ್ನ ದೂರು.

ನಾಲ್ಕು ಸಾಲಿನಿಂದ ಏನಾಯಿತು ಎಂದು ನೀವು ಕೇಳಬಹುದು. ಕೇಳಿ. ತವರಿನವರು ದೂರು ಕೊಟ್ಟ ಮೇಲೆ ಊರಿನ ಹಿರಿಯರು ರಾಜಿ ಪಂಚಾಯ್ತಿ ಕೂಡಿಸಿದರು. ಗಂಡಿನ ಕಡೆಯವರು ಅಲ್ಲಿ ತೆಗೆದಿಟ್ಟ ಮೊದಲ ಸಾಕ್ಷಿ ಆ ಪತ್ರಿಕೆಯ ತುಂಡು. "ಪೇಪರಿನಲ್ಲೇ ಬಂದಿದೆಯಲ್ಲ, ಹೊಟ್ಟೆನೋವು ಅಂತ" ಎಂದರು. ನ್ಯಾಯಾಲಯದಲ್ಲಿ ಪತ್ರಿಕೆಯ ತುಂಡು ಪುರಾವೆಯಾಗದಿರಬಹುದು. ಆದರೆ ಜಗುಲಿಯ ಮೇಲೆ ನಡೆಯುವ ನ್ಯಾಯದಲ್ಲಿ ಅಚ್ಚಾದ ಅಕ್ಷರಕ್ಕೆ ಎದುರಾಡುವವರಿಲ್ಲ. ಅಲ್ಲಿಂದಾಚೆಗೆ ನೆರೆಹೊರೆಯವರು ಬಾಯಿ ಮುಚ್ಚಿಕೊಂಡರು. ಕಂಡದ್ದನ್ನು ಹೇಳುತ್ತೇನೆಂದಿದ್ದ ಪಕ್ಕದ ಮನೆಯಾಕೆ, "ನಮಗ್ಯಾಕೆ ಬೇಕು" ಎಂದು ಬಾಗಿಲು ಹಾಕಿಕೊಂಡರು.

ಆ ಸುದ್ದಿಯಲ್ಲಿ ಇನ್ನೊಂದು ಮುಖ್ಯ ಸಂಗತಿಯೂ ಇರಲಿಲ್ಲ. ಮದುವೆಯಾಗಿ ಎಷ್ಟು ವರ್ಷವಾಗಿತ್ತು ಎಂಬುದು. 1986ರಲ್ಲಿ ದಂಡ ಸಂಹಿತೆಗೆ 304-ಬಿ ಕಲಂ ಸೇರಿದಂದಿನಿಂದ, ಮದುವೆಯಾದ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ ಮತ್ತು ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ನಡೆದಿದ್ದರೆ ಅದು ವರದಕ್ಷಿಣೆ ಸಾವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 80ನೇ ಕಲಂ. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ 498-ಎ ಕಲಂ ಈಗ 85 ಮತ್ತು 86. ನಂಬರು ಬದಲಾಗಿದೆ, ಕಾನೂನು ಹಾಗೇ ಇದೆ. "ಮದುವೆಯಾಗಿ ನಾಲ್ಕು ವರ್ಷವಾಗಿತ್ತು" ಎಂಬ ಮೂರೇ ಪದ ಆ ಸುದ್ದಿಯಲ್ಲಿದ್ದಿದ್ದರೆ ಓದಿದವರಲ್ಲಿ ಒಬ್ಬರಾದರೂ, ತಹಶೀಲ್ದಾರರು ಬಂದು ಪಂಚನಾಮೆ ಮಾಡಿದರೇ ಎಂದು ಕೇಳುತ್ತಿದ್ದರು.

ಇನ್ನು ಈ ಸುದ್ದಿಗಳ ಭಾಷೆಯನ್ನು ನೋಡಿ. "ನೇಣಿಗೆ ಶರಣು" ಎಂದರೇನು? ಶರಣಾಗುವುದು ಒಪ್ಪಿ ಮಾಡುವ ಕೆಲಸ. ಹೊಡೆತ ತಿಂದು, ಹಸಿದು, ತವರಿಗೂ ಹೋಗಲಾರದೆ ಸತ್ತವಳನ್ನು ಶರಣಾದಳು ಎನ್ನಬಹುದೇ? ಕೊಂದು ನೇತುಹಾಕಿದ್ದರೆ? "ಕೌಟುಂಬಿಕ ಕಲಹ" ಎನ್ನುತ್ತಾರೆ. ಕಲಹಕ್ಕೆ ಎರಡು ಕಡೆಯವರು ಬೇಕು. ಒಬ್ಬ ಹೊಡೆದು ಒಬ್ಬಳು ಹೊಡೆಸಿಕೊಂಡರೆ ಅದು ಕಲಹವಲ್ಲ, ದೌರ್ಜನ್ಯ. "ಕ್ಷುಲ್ಲಕ ಕಾರಣಕ್ಕೆ ಪತ್ನಿಯ ಕೊಲೆ" ಎನ್ನುತ್ತಾರೆ. ಹಾಗಾದರೆ ದೊಡ್ಡ ಕಾರಣವಿದ್ದರೆ ಕೊಲ್ಲಬಹುದೇ? "ಶೀಲ ಶಂಕಿಸಿ" ಎಂದು ಬರೆದ ಕೂಡಲೇ ಓದುವವರ ಮನಸ್ಸಿನಲ್ಲಿ ಸತ್ತವಳೇ ಕಟಕಟೆ ಹತ್ತುತ್ತಾಳೆ. ಕೊಂದವನು ಬರೀ ಶಂಕೆಪಟ್ಟವನಾಗಿ ಉಳಿಯುತ್ತಾನೆ. ಹಿಂದೆ "ಸ್ಟವ್ ಸಿಡಿದು" ಎಂಬುದೊಂದಿತ್ತು. ಸೀಮೆಎಣ್ಣೆ ಸ್ಟವ್ ಮನೆಗಳಿಂದ ಮರೆಯಾಗಿ "ಗ್ಯಾಸ್ ಸೋರಿ" ಬಂದಿದೆ. ಒಲೆ ಬದಲಾದರೂ ಸೊಸೆಯೇ ಸುಡುತ್ತಾಳೆ, ಅತ್ತೆಗೋ ಗಂಡನಿಗೋ ಕಿಡಿ ತಾಗುವುದಿಲ್ಲ. ಈ ವಿಚಿತ್ರವನ್ನು ಯಾವ ವರದಿಗಾರನೂ ಪ್ರಶ್ನಿಸುವುದಿಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. 1979ರಲ್ಲಿ ದೆಹಲಿಯಲ್ಲಿ ಸುಟ್ಟು ಸತ್ತ ಯುವತಿಯೊಬ್ಬಳು ಸಾಯುವ ಮುನ್ನ ಅತ್ತೆಮನೆಯವರೇ ಕಾರಣ ಎಂದು ಹೇಳಿದ್ದರೂ ಪೊಲೀಸರು ಆತ್ಮಹತ್ಯೆ ಎಂದೇ ಬರೆದುಕೊಂಡಿದ್ದರು. "ಸ್ತ್ರೀ ಸಂಘರ್ಷ"ದ ಹೆಂಗಸರು ಬೀದಿಗಿಳಿದ ಮೇಲೆಯೇ ಅದು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಪೊಲೀಸ್ ದಾಖಲೆಗಳನ್ನೂ ಆಸ್ಪತ್ರೆಯ ಸುಟ್ಟಗಾಯದ ವಾರ್ಡನ್ನೂ ಜಾಲಾಡಿದರು. ಆ ಒಂದೇ ನಗರದಲ್ಲಿ ವರ್ಷಕ್ಕೆ ನೂರಾರು ಹೆಂಗಸರು ಅಸಹಜವಾಗಿ ಸಾಯುತ್ತಿದ್ದುದೂ, ಅವುಗಳಲ್ಲಿ ಬಹಳಷ್ಟು ಅಡುಗೆಮನೆಯ ಅಪಘಾತ, ಆತ್ಮಹತ್ಯೆ ಎಂದು ಮುಚ್ಚಿಹೋಗುತ್ತಿದ್ದುದೂ ಆಗ ತಿಳಿಯಿತು. ಪತ್ರಿಕೆಗಳು ಆಗಲೂ ತಾವಾಗಿ ಎಚ್ಚೆತ್ತುಕೊಂಡಿರಲಿಲ್ಲ. ಆದರೆ ನಾವು ಹೋಗಿ ಬಾಗಿಲು ತಟ್ಟಿದರೆ ಒಳಗೆ ಯಾರಾದರೂ ಇರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ 1980ರ ದಶಕದಲ್ಲಿ ಇಂಥ ಸುದ್ದಿ ತಪ್ಪಾಗಿ ಬಂತೆಂದು ನಾಲ್ಕು ಮಂದಿ ಉಪನ್ಯಾಸಕಿಯರು ಪತ್ರ ಬರೆದರೆ ವಾಚಕರ ವಾಣಿಯಲ್ಲಿ ಅಚ್ಚಾಗುತ್ತಿತ್ತು. ಸಂಪಾದಕರು ವರದಿಗಾರನನ್ನು ಮತ್ತೆ ಕಳಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಈಗ ಕಳಿಸಲು ಜನರಿಲ್ಲ, ಜಾಗವೆಲ್ಲ ಮಾರಾಟವಾಗಿದೆ.

ಇದು ನನ್ನೊಬ್ಬಳ ಗೊಣಗಾಟವೂ ಅಲ್ಲ. 2009ರ ಚುನಾವಣೆಯ ಹೊತ್ತಿನಲ್ಲಿ ಹಣ ಪಡೆದು ಸುದ್ದಿ ಅಚ್ಚು ಹಾಕಿದ್ದರ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಮಾಡಿತು. ಹಣ ಕೊಟ್ಟವರ ಸುದ್ದಿ ಬರುತ್ತದೆ ಎಂದಾದ ಮೇಲೆ ಹಣ ಕೊಡಲಾರದವರ ಸಾವು ಎಲ್ಲಿ ಬರಬೇಕು? ನಮ್ಮ ಮೈಸೂರಿನಲ್ಲಿ ತಾತಯ್ಯನವರೆಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು 1908ರ ಪತ್ರಿಕಾ ಶಾಸನವನ್ನು ಪ್ರತಿಭಟಿಸಿ ಪತ್ರಿಕೆಯನ್ನೇ ನಿಲ್ಲಿಸಿದವರು. ಸರ್ಕಾರದ ಅಂಕೆಗೆ ಬಗ್ಗಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು ತಿಳಿದಿದ್ದ ಊರು ಇದು. ಇಂದು ಬಗ್ಗಿಸಲು ಶಾಸನವೇ ಬೇಕಿಲ್ಲ, ಅರ್ಧ ಪುಟದ ಜಾಹೀರಾತು ಸಾಕು.

ಇನ್ನೊಂದು ಅನ್ಯಾಯವನ್ನು ಯಾರೂ ಗಮನಿಸುವುದಿಲ್ಲ. ದೊಡ್ಡ ಪತ್ರಿಕೆಗಳು ಜಿಲ್ಲೆಗೊಂದು ಆವೃತ್ತಿ ತರುತ್ತವೆ. ಮೈಸೂರಿನ ಸಾವು ಮೈಸೂರಿನ ಪುಟದಲ್ಲಿ, ಮಂಡ್ಯದ್ದು ಮಂಡ್ಯದ ಪುಟದಲ್ಲಿ. ಆದರೆ ಹೆಣ್ಣುಮಕ್ಕಳನ್ನು ನಾವು ಊರಿಂದೂರಿಗೆ ಕೊಡುತ್ತೇವೆ. ಮಗಳು ಸತ್ತ ಊರಿನ ಸುದ್ದಿ ತವರೂರಿನ ಓದುಗರಿಗೆ ತಲುಪುವುದೇ ಇಲ್ಲ. ಅವಳನ್ನು ಎತ್ತಿ ಆಡಿಸಿದವರು, ಜೊತೆಗೆ ಓದಿದವರು, ಅವಳು ಫೋನಿನಲ್ಲಿ ಅತ್ತದ್ದನ್ನು ಕೇಳಿಸಿಕೊಂಡವರು ಇರುವ ಊರಿನಲ್ಲಿ ಮೌನ. ಈ ತಾಯಿಗೆ ಆ ತುಂಡು ಸಿಕ್ಕಿದ್ದೂ ಮೈಸೂರಿಗೆ ಕೂಲಿಗೆ ಬಂದಿದ್ದ ಸಂಬಂಧಿಕರ ಮೂಲಕ.

ಟಿ.ವಿ. ವಾಹಿನಿಗಳದ್ದೂ ಮೊಬೈಲಿನಲ್ಲಿ ಬರುವ ಸುದ್ದಿಯವರದ್ದೂ ಇದಕ್ಕೆ ತದ್ವಿರುದ್ಧದ ರೋಗ. ಪತ್ರಿಕೆ ನಾಲ್ಕು ಸಾಲಿನಲ್ಲಿ ಮುಗಿಸಿದರೆ ಇವರು ನಾಲ್ಕು ದಿನ ಎಳೆಯುತ್ತಾರೆ. ಹೆಣದ ಮನೆಯ ಮುಂದೆ ಮೈಕು, ತಬ್ಬಲಿ ಮಗುವಿನ ಮುಖದ ಮುಂದೆ ಕ್ಯಾಮೆರಾ, ಹಿನ್ನೆಲೆಗೆ ಸಂಗೀತ. ಕೇಳುವ ಪ್ರಶ್ನೆ ಒಂದೇ: ಆಕೆಗೆ ಬೇರೆ ಯಾರ ಜೊತೆಗಾದರೂ ಸಂಬಂಧವಿತ್ತೇ? ಐದನೇ ದಿನ ಇನ್ನೊಂದು ಮನೆ. ವರ್ಷಗಳ ಮೇಲೆ ಮೊಕದ್ದಮೆ ವಿಚಾರಣೆಗೆ ಬಂದಾಗ, ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದಾಗ, ಆರೋಪಿ ಬಿಡುಗಡೆಯಾದಾಗ ನ್ಯಾಯಾಲಯದ ಆವರಣದಲ್ಲಿ ಒಬ್ಬ ವರದಿಗಾರನೂ ಇರುವುದಿಲ್ಲ. ಶಿಕ್ಷೆಯಾದರೂ ಸುದ್ದಿಯಿಲ್ಲ. ಶಿಕ್ಷೆಯಾಗುತ್ತದೆ ಎಂಬುದು ಜನರಿಗೆ ತಿಳಿಯದಿದ್ದರೆ ಕೈ ಎತ್ತುವವನಿಗೆ ಭಯವೆಲ್ಲಿಂದ ಬರಬೇಕು?

2024ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಗಂಡನೊಬ್ಬ ಹೆಂಡತಿಯ ಕಡೆಯವರ ಮೇಲೆ ಆರೋಪ ಮಾಡಿ ಆತ್ಮಹತ್ಯೆ ಮಾಡಿಕೊಂಡಾಗ ವಾಹಿನಿಗಳು, ಪತ್ರಿಕೆಗಳು ವಾರಗಟ್ಟಲೆ ಅದನ್ನೇ ಚರ್ಚಿಸಿದವು. ಆ ಸಾವೂ ಸಾವೇ. ಅದರ ಬಗ್ಗೆ ವಿಚಾರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅವನ ಮನೆಯವರನ್ನು ಮಾತಾಡಿಸಿದಿರಿ, ಅವನು ಬಿಟ್ಟುಹೋದ ಪತ್ರ ಓದಿದಿರಿ, ಕಾನೂನು ಸರಿಯಿದೆಯೇ ಎಂದು ಕೇಳಿದಿರಿ. ಅಷ್ಟನ್ನೇ ನಮ್ಮ ಹೆಣ್ಣುಮಕ್ಕಳಿಗೂ ಮಾಡಿ ಎಂಬುದು ನಮ್ಮ ಬೇಡಿಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಲೆಕ್ಕದಂತೆ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,000ಕ್ಕೂ ಹೆಚ್ಚು, ಅಂದರೆ ದಿನಕ್ಕೆ 16ಕ್ಕೂ ಹೆಚ್ಚು. "ಹೊಟ್ಟೆನೋವಿನಿಂದ" ಸತ್ತವರು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಆತ್ಮಹತ್ಯೆಗಳ ಪಟ್ಟಿಯಲ್ಲಿ "ಕಾಯಿಲೆ" ಎಂಬ ಬೇರೆ ಕಾಲಂ ಇದೆ, ಅವರು ಅಲ್ಲಿಗೆ ಹೋಗುತ್ತಾರೆ.

ಹಾಗಾದರೆ ನಾವೇನು ಮಾಡಬೇಕು? ಪತ್ರಿಕೆ ಕೆಟ್ಟಿತೆಂದು ಓದುವುದನ್ನು ಬಿಡುವುದು ಉತ್ತರವಲ್ಲ. ಮೈಸೂರಿನ ಮಗ್ಗುಲಲ್ಲೇ ಇರುವ ನಂಜನಗೂಡಿನ ತಿರುಮಲಾಂಬ ಬಾಲ್ಯದಲ್ಲೇ ವಿಧವೆಯಾದವರು. ನೂರು ವರ್ಷಕ್ಕೂ ಹಿಂದೆ ತಾವೇ ಪುಸ್ತಕಮಾಲೆ ಹೊರಡಿಸಿದರು, ಪತ್ರಿಕೆ ನಡೆಸಿದರು. ನಮ್ಮ ಮಾತನ್ನು ಬೇರೆಯವರು ಬರೆಯಲಿ ಎಂದು ಆಕೆ ಕಾಯಲಿಲ್ಲ. ನಮಗೆ ಅಷ್ಟು ಸಾಧ್ಯವಾಗದಿರಬಹುದು, ಆದರೆ ಲೆಕ್ಕ ಇಡುವುದು ನಮಗೆ ಗೊತ್ತು. ಸಂಘದ ಉಳಿತಾಯ, ಸಾಲ, ಬಡ್ಡಿ, ನಡಾವಳಿ ಎಲ್ಲವನ್ನೂ ತಪ್ಪದೆ ಬರೆದಿಡುವವರು ನಾವು. ಇನ್ನೊಂದು ಪುಸ್ತಕ ಇಡೋಣ.

ವಾರದ ಸಭೆಯಲ್ಲಿ ಹತ್ತು ನಿಮಿಷ ಪತ್ರಿಕೆ ಓದಿ. ಓದು ಬರುವವರು ಬಾರದವರಿಗೆ ಓದಿ ಹೇಳಿ. ಹೆಂಗಸರ ಸಾವಿನ ಪ್ರತಿ ಸುದ್ದಿಯನ್ನೂ ಕತ್ತರಿಸಿ ಅಂಟಿಸಿ, ಪಕ್ಕದಲ್ಲಿ ತಾರೀಖು, ಪತ್ರಿಕೆ, ಊರು, ವಯಸ್ಸು ಬರೆಯಿರಿ. ಕೆಳಗೆ ಐದು ಪ್ರಶ್ನೆ ಬರೆಯಿರಿ: ಮದುವೆಯಾಗಿ ಎಷ್ಟು ವರ್ಷ? ಈ ಕಾರಣ ಹೇಳಿದವರು ಯಾರು? ತವರಿನವರನ್ನು ಕೇಳಿದ್ದಾರೆಯೇ? ಮೊದಲು ದೂರು ಕೊಟ್ಟಿದ್ದಳೇ? ತಹಶೀಲ್ದಾರರ ಪಂಚನಾಮೆ ಆಯಿತೇ? ಉತ್ತರವಿಲ್ಲದಿದ್ದರೆ ಅದನ್ನೇ ಸಂಪಾದಕರಿಗೆ ಪತ್ರ ಬರೆದು ಕೇಳಿ, ಎಲ್ಲರೂ ಸಹಿ ಹಾಕಿ. ಸಂಪಾದಕರು ಕಿವಿಗೊಡದಿದ್ದರೆ, ಆ ಪತ್ರದ ಪ್ರತಿಯನ್ನೂ ಸುದ್ದಿಯ ತುಂಡನ್ನೂ ಇಟ್ಟು, ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಸುದ್ದಿಯ ಕೆಳಗೆ ಮಹಿಳಾ ಸಹಾಯವಾಣಿ 181 ಅನ್ನು, ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಎಂಬುದನ್ನು ಅಚ್ಚು ಹಾಕಿ ಎಂದು ಒತ್ತಾಯಿಸಿ. ಬದುಕಿರುವವಳೊಬ್ಬಳು ಅದನ್ನು ಓದಬಹುದು.

ಒಬ್ಬ ಓದುಗಳ ಪತ್ರವನ್ನು ಕಸದ ಬುಟ್ಟಿಗೆ ಹಾಕಬಹುದು. ಇಪ್ಪತ್ತು ಸಹಿಯಿರುವ ಪತ್ರ ಹತ್ತು ಸಂಘಗಳಿಂದ ಬಂದರೆ, ಪತ್ರಿಕೆ ಕೊಳ್ಳುವವರು ಇವರೇ ಎಂಬುದು ಅವರಿಗೆ ನೆನಪಾಗುತ್ತದೆ. ಆ ವರದಿಗಾರ ಹುಡುಗ ನಾನು ಹೊರಡುವಾಗ, "ನೀವು ಬರೆದು ಕೊಡಿ ಮೇಡಂ, ಅದನ್ನು ತೋರಿಸಿ ಒಳಗೆ ಕೇಳುತ್ತೇನೆ" ಎಂದಿದ್ದ. ನಾನು ಬರೆದು ಕೊಟ್ಟೆ, ಅದು ಅಚ್ಚಾಗಲಿಲ್ಲ. ನಾನು ಒಬ್ಬಳೇ ಬರೆದೆ, ಅದು ನನ್ನ ತಪ್ಪು.

ಆ ತಾಯಿಯ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಪತ್ರಿಕೆಯ ತುಂಡು ನನ್ನ ಹತ್ತಿರವಿದೆ. ನಮ್ಮ ಬೀದಿಯ ಸಂಘದ ಹೊಸ ಪುಸ್ತಕದಲ್ಲಿ ಅಂಟಿಸಿರುವ ಮೊದಲನೆಯ ಸುದ್ದಿ ಅದೇ. ಮುಂದಿನ ಸಭೆಗೆ ನೀವೂ ಒಂದು ಕತ್ತರಿ, ಒಂದು ಗೋಂದಿನ ಬಾಟಲಿ ತನ್ನಿ.